ಮರದ ಮೆಟ್ಟು

ನನ್ನ ಗಾಳದ ತುದಿಗೆ ಕೊಕ್ಕೆಯಿಲ್ಲ, ಒಂದು ಮರದ ಮೆಟ್ಟು.
ಎಡಗಾಲಿನದು. ಬಲಗಾಲಿನದು ಎಲ್ಲಿ ಹೋಯಿತೋ
ನನಗೆ ಮುಂಚೆ ಇಲ್ಲಿದ್ದವನಿಗೂ ಗೊತ್ತಿರಲಿಲ್ಲ.
ಸೇತುವೆ ಎತ್ತುತ್ತೇನೆ, ಕೋಲು ಚಾಚುತ್ತೇನೆ,
ದೋಣಿ ಹಾಯುವಾಗ ಮೆಟ್ಟು ಇಳಿಯುತ್ತದೆ,
ಎರಡೂವರೆ ಯೂರೋ ಬೀಳುತ್ತದೆ, ಠಣ್.
ಫ್ರೀಸ್‌ಲಾಂಡಿನ ಈ ಕಾಲುವೆಯ ಮೇಲೆ
ಇಪ್ಪತ್ತಾರು ಬೇಸಿಗೆ ಹೀಗೇ ಕಳೆದಿದ್ದೇನೆ.
ಹಿಲ್ಕೆ ಎಂದು ಕರೆಯುವವರು ಕಡಿಮೆ,
'ಏ ಸೇತುವೆ!' ಎನ್ನುವವರೇ ಹೆಚ್ಚು.

ಜುಲೈ ತಿಂಗಳ ಶನಿವಾರ.
ಎಳ್ಳು ಚೆಲ್ಲಿದರೆ ನೀರಿಗೆ ಬೀಳದು.
ಹಾಯಿ ಸುತ್ತಿಟ್ಟ ದೋಣಿ, ಬಾಡಿಗೆ ದೋಣಿ,
ನಡುವೆ ಸೋಫಾ ಇಟ್ಟುಕೊಂಡ ತೆಪ್ಪ,
ತೇಲುವ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತ
ನಾಯಿ ಸಮೇತ ಒಬ್ಬಳು,
ನಾಳಿದ್ದು ಮದುವೆಯಾಗುವ ಗೆಳೆಯನ ನೆಪದಲ್ಲಿ
ಗುಲಾಬಿ ಟೋಪಿ ಹಾಕಿಕೊಂಡ ಹನ್ನೊಂದು ಗಂಡಸರು.
ಒಂದರ ಮೂತಿ ಇನ್ನೊಂದರ ಬಾಲಕ್ಕೆ,
ಯಾರದೋ ಕಾಫಿ ಯಾರದೋ ತೊಡೆಯ ಮೇಲೆ.
ಅತ್ತ ರಸ್ತೆಯಲ್ಲಿ ಹಾಲಿನ ಲಾರಿ
ಹಾರನ್ನಿನಿಂದ ಕೈ ತೆಗೆಯುತ್ತಲೇ ಇಲ್ಲ.

ದುಡ್ಡು ಹಾಕುವ ಪ್ರತಿಯೊಬ್ಬರೂ
ಕತ್ತೆತ್ತಿ ನನಗೆ ಅದೇ ದೂರು ಕೊಡುತ್ತಾರೆ:
'ಈ ವರ್ಷ ಬಹಳ ಜನ, ಅಲ್ಲವೇ?'
ಬ್ರೆಮೆನ್ನಿನ ಹಲ್ಲಿನ ಡಾಕ್ಟರು ಅಂದ.
ಅವನು ಅಂದದ್ದು ಕೇಳಿಸದೆ ಅವನ ಹೆಂಡತಿಯೂ ಅಂದಳು.
ಗುಲಾಬಿ ಟೋಪಿಯ ಮದುಮಗ ಅಂದ, ಅಂದು ಬಿಕ್ಕಳಿಸಿದ.
ನಾನು 'ಹೌದು' ಎನ್ನುತ್ತೇನೆ.
ಎರಡೂವರೆ ಯೂರೋದಲ್ಲಿ
ಒಂದು 'ಹೌದು' ಸೇರಿದೆ.

ಅಜ್ಜ ಇದೇ ನೀರಲ್ಲಿ
ಉರುವಲಿಗೆಂದು ಕೊಯ್ದ ಜವುಗುಮಣ್ಣು ಸಾಗಿಸಿದವ.
ಗಾಳಿ ಬಿದ್ದ ದಿನ ಅಜ್ಜಿ ದಡಕ್ಕಿಳಿದು
ಎದೆಗೆ ಪಟ್ಟಿ ಕಟ್ಟಿಕೊಂಡು ದೋಣಿ ಎಳೆದಳು.
ಆಗಲೂ ಇಲ್ಲಿ ಸಾಲು ನಿಲ್ಲುತ್ತಿತ್ತಂತೆ.
ಅದಕ್ಕೆ ನೂಕುನುಗ್ಗಲು ಅನ್ನಲಿಲ್ಲ ಯಾರೂ,
ಸುಗ್ಗಿ ಅಂದರು.
ಇದನ್ನು ಹೇಳಿ ದೊಡ್ಡವನಾಗುವ ಆಸೆ ನನಗಿಲ್ಲ.
ಆ ಪಟ್ಟಿ ಈಗ ಮ್ಯೂಸಿಯಮ್ಮಿನಲ್ಲಿದೆ;
ಅಜ್ಜಿ ಇದ್ದಿದ್ದರೆ
ಸೋಫಾದ ತೆಪ್ಪವನ್ನೇ ಆರಿಸಿಕೊಳ್ಳುತ್ತಿದ್ದಳು.

ಕಂಬದ ಬುಡದಲ್ಲಿ ಒಂದು ನಾಮಗೋಳಿ.
ಗೂಡಿಗೆ ಜೊಂಡು, ಐಸ್‌ಕ್ರೀಮಿನ ಚಮಚ,
ಯಾರದೋ ಕನ್ನಡಕದ ದಾರ.
ಪ್ರತಿ ದೋಣಿಯ ಅಲೆಗೂ ಗೂಡು ಒಂದಿಷ್ಟು ಬಿಚ್ಚುತ್ತದೆ,
ಅದು ಮತ್ತೊಂದು ಕಡ್ಡಿ ತಂದಿಡುತ್ತದೆ.
ಮೇ ತಿಂಗಳಿಂದ ಮೂರು ಸಲ ಮೊಟ್ಟೆ ಹೋಯಿತು.
ನನ್ನ ಹತ್ತಿರ ಅದು ದೂರು ತಂದಿಲ್ಲ.
ಅದರ ಬಳಿ ಚಿಲ್ಲರೆಯಿಲ್ಲ.

ಸೋಮವಾರ ನನಗೆ ರಜೆ.
ನನ್ನದೂ ಒಂದು ದೋಣಿಯುಂಟು, ಐದು ಮೀಟರಿನದು,
ಬಣ್ಣ ಬಳಿಯುವುದು ಪ್ರತಿ ವರ್ಷ ಮುಂದಿನ ವರ್ಷಕ್ಕೆ.
ಮಗಳು ಯೆಲ್ಚೆ ಚುಕ್ಕಾಣಿ ಹಿಡಿದಳು.
ಮುಂದಿನ ಊರಿನ ಸೇತುವೆ, ನಮ್ಮ ಮುಂದೆ ಹದಿನಾಲ್ಕು ದೋಣಿ.
ನೆತ್ತಿ ಸುಡುವ ಬಿಸಿಲು. ಮುಕ್ಕಾಲು ಗಂಟೆ.
ಎದುರಿನವನ ಹೊಗೆ ಕುಡಿದೆ,
ಅವನ ರೇಡಿಯೋ ಕೇಳಿದೆ,
ಅವನ ಮಗುವಿನ ಹೆಸರು, ಹಟ, ಊಟ ಎಲ್ಲ ಬಾಯಿಪಾಠವಾಯಿತು.
ಕಡೆಗೆ ಫೆಡ್ಡೆಯ ಕೋಲು ಬಾಗಿ ಮೆಟ್ಟು ಇಳಿಯಿತು.
ಬಲಗಾಲಿನದು!
ತಿರುಗಿಸಿ ನೋಡಿದೆ. ಅಳತೆ ಚಿಕ್ಕದು,
ನಮ್ಮದರ ಜೋಡಿಯಲ್ಲ.

ನಾಣ್ಯ ಹಾಕಿದೆ. ಠಣ್.
ಬಾಯಿ ತಾನೇ ತೆರೆಯಿತು:
'ಫೆಡ್ಡೆ, ಈ ವರ್ಷ ಬಹಳ ಜನ, ಅಲ್ಲವೇ?'
'ಹೌದು' ಅಂದ ಫೆಡ್ಡೆ
ಥೇಟ್ ನನ್ನ ದನಿಯಲ್ಲಿ,
ಆಗಲೇ ಹಿಂದಿನ ದೋಣಿಯತ್ತ ಕೋಲು ತಿರುಗಿಸುತ್ತ.

ಯೆಲ್ಚೆ ನೀರಿನ ಕಡೆ ಮುಖ ಮಾಡಿ ನಕ್ಕಳು.
ಅಲ್ಲಿಂದಾಚೆಗೆ ಕಾಲುವೆ ಬಿಚ್ಚಿಕೊಂಡು ಸರೋವರ.
ಹದಿನೈದೂ ದೋಣಿಗಳು
ಒಂಟಿಯಾಗಲು ಅವಸರದಿಂದ ಚದುರಿದವು.
ನಾವು ತುಂಬ ಹುಡುಕಿ, ಯಾರೂ ಇಲ್ಲದ
ಒಂದು ಜೊಂಡಿನ ಮೂಲೆಯಲ್ಲಿ ಲಂಗರು ಬಿಟ್ಟೆವು.

ಅಲ್ಲಿ ಆಗಲೇ ಒಂದು ನಾಮಗೋಳಿ ಇತ್ತು.